ಹೂಂ ಎನ್ನುವ ಮೊದಲು

ನನ್ನ ದಿನಚರಿಯಲ್ಲಿ ಪ್ರತಿ ಎಪಿಸೋಡಿಗೂ ಒಂದು ಪುಟ ಇರುತ್ತದೆ. ಮೇಲುಗಡೆ ತಾರೀಖು, ಊರು, ಅತಿಥಿಯ ವಯಸ್ಸು. ಕೆಳಗಡೆ ಅವತ್ತು ಕೆಟ್ಟದ್ದು: ಕರೆಂಟು ಎಷ್ಟು ಸಲ ಹೋಯಿತು, ಯಾವ ಮೈಕಿನ ಬ್ಯಾಟರಿ ಸತ್ತಿತು, ಮಾತಿನ ಮಧ್ಯೆ ಯಾರು ಬಾಗಿಲು ತಟ್ಟಿದರು. ನಲವತ್ತೊಂದನೆಯ ಎಪಿಸೋಡಿನ ಪುಟದಲ್ಲಿ ಕೆಟ್ಟದ್ದರ ಜಾಗದಲ್ಲಿ ಎರಡೇ ಪದಗಳಿವೆ: ‘ಹುಳುವಿನ ಸದ್ದು’. ಅವತ್ತು ಮಿಕ್ಕಿದ್ದೆಲ್ಲ ಸರಿಯಾಗಿತ್ತು.

ನಾನು ಮಂಡ್ಯದ ಒಂದು ಸಣ್ಣ ಸುದ್ದಿ ಸಂಸ್ಥೆಯಲ್ಲಿ ವಿಡಿಯೊ ಪಾಡ್‌ಕಾಸ್ಟಿನ ಪ್ರೊಡ್ಯೂಸರ್. ಮೊದಲು ಅದೊಂದು ದಿನಪತ್ರಿಕೆಯಾಗಿತ್ತು. ಅಚ್ಚು ಮಾಡುವುದು ನಿಂತ ಮೇಲೆ ಉಳಿದದ್ದು ಕಬ್ಬಿಣದ ಅಂಗಡಿಯ ಮೇಲಿನ ಎರಡು ಕೋಣೆ, ಮೂರು ಕ್ಯಾಮೆರಾ ಮತ್ತು ಒಬ್ಬ ಹಿರಿಯ ವರದಿಗಾರರು. ಅವರೇ ಈಗ ನಮ್ಮ ನಿರೂಪಕರು. ದುದ್ದದ ಕಡೆಯವರು. ವರದಿಗಾರರಾಗಿದ್ದಾಗ ಪ್ರಶ್ನೆ ಕೇಳಿ ಪೆನ್ನು ಹಿಡಿದು ಸುಮ್ಮನೆ ಕೂರುವುದು ಅವರ ಪದ್ಧತಿಯಾಗಿತ್ತಂತೆ. ಈಗಲೂ ಹಾಗೇ ಮಾಡುತ್ತಾರೆ. ಪೆನ್ನು ಮಾತ್ರ ಇಲ್ಲ. ನನ್ನ ಕೆಲಸ ಅತಿಥಿಯನ್ನು ಹುಡುಕುವುದು, ಅವರ ಸೆರಗಿಗೋ ಅಂಗಿಗೋ ಮೈಕು ಸಿಕ್ಕಿಸುವುದು, ಹೆಡ್‌ಫೋನು ಹಾಕಿಕೊಂಡು ಒಂದು ಮೂಲೆಯಲ್ಲಿ ಕೇಳುತ್ತ ಕೂರುವುದು, ಆಮೇಲೆ ಎರಡು ಗಂಟೆಯ ಮಾತನ್ನು ನಲವತ್ತು ನಿಮಿಷಕ್ಕೆ ಇಳಿಸುವುದು. ಪ್ರೊಡ್ಯೂಸರ್ ಅಂದರೆ ಸಿನಿಮಾಕ್ಕೆ ದುಡ್ಡು ಹಾಕುವವಳು ಎಂದು ನಮ್ಮ ದೊಡ್ಡಮ್ಮ ಇವತ್ತಿಗೂ ನಂಬಿದ್ದಾರೆ.

ಎಡಿಟ್ ಮಾಡುವಾಗ ಮಾತಿನ ಪಟ್ಟಿಯ ಮೇಲೆ ಬಣ್ಣದ ಗುರುತು ಹಾಕುತ್ತೇನೆ. ನಗುವಿಗೆ ಹಳದಿ, ಅಳುವಿಗೆ ಕೆಂಪು, ಕರೆಂಟು ಹೋದದ್ದಕ್ಕೆ ನೀಲಿ. ಮೊದಮೊದಲು ಕೆಂಪು ಹಾಕುವಾಗ ಕೈ ನಿಲ್ಲುತ್ತಿತ್ತು. ಹೋದ ವರ್ಷದ ದಸರೆಯ ಹೊತ್ತಿಗೆ ಅದು ಹೋಯಿತು. ಈಗ ಯಾರೋ ಅಳುತ್ತಿರುವುದನ್ನು ಒಂದೂವರೆ ಪಟ್ಟು ವೇಗದಲ್ಲಿ ಕೇಳುತ್ತ ಡಬ್ಬಿಯ ಚಿತ್ರಾನ್ನ ತಿನ್ನುತ್ತೇನೆ. ಅನ್ನದ ರುಚಿಯೂ ಹೆಚ್ಚೇನೂ ತಿಳಿಯುವುದಿಲ್ಲ. ಇದನ್ನು ಯಾರಿಗಾದರೂ ಹೇಳಬೇಕು ಎಂದು ಅನ್ನಿಸಿಲ್ಲ.

ನಲವತ್ತೊಂದನೆಯದಕ್ಕೆ ನಾವು ಆರಿಸಿಕೊಂಡದ್ದು ತವರಿನ ಜಮೀನಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟ ಹೆಣ್ಣುಮಕ್ಕಳ ವಿಷಯ. ನಮ್ಮ ಕಡೆ ಇದು ಪ್ರತಿ ಮನೆಯಲ್ಲೂ ಆಗುವಂಥದ್ದು. ಅಣ್ಣನೋ ತಮ್ಮನೋ ಕಾರು ಮಾಡಿಕೊಂಡು ಬರುತ್ತಾನೆ, ಅಕ್ಕತಂಗಿಯರನ್ನು ಕರೆದುಕೊಂಡು ಹೋಗುತ್ತಾನೆ, ಸೈನು ಹಾಕಿಸಿ ಸೀರೆ ಕೊಡಿಸಿ ಸಂಜೆಗೆ ವಾಪಸ್ ಬಿಡುತ್ತಾನೆ. ಜಗುಲಿಯ ಮೇಲೆ ಕುಳಿತರೆ ಎಲ್ಲರೂ ಹೇಳುವ ಕಥೆ. ಕ್ಯಾಮೆರಾ ಎಂದ ಕೂಡಲೇ ಎಲ್ಲರೂ ಎದ್ದು ಒಳಗೆ ಹೋದರು. ಕೊನೆಗೆ ಒಪ್ಪಿದವರು ವೈದ್ಯನಾಥಪುರದ ಒಬ್ಬರು. ನಮ್ಮ ಕ್ಯಾಮೆರಾದವರ ಅತ್ತೆಮನೆಯ ಬೀದಿಯವರು. ವಯಸ್ಸು ಐವತ್ತರ ಆಚೆ. ತವರು ಮಳವಳ್ಳಿಯ ಕಡೆ ಪೂರಿಗಾಲಿ. ಯಾಕೆ ಒಪ್ಪಿದಿರಿ ಎಂದು ಕೇಳಿದ್ದಕ್ಕೆ, “ಕೇಳ್ಕೊಂಡ್ ಬಂದೋರ್ನ ಬರಿಗೈಲಿ ಕಳ್ಸಕಾಯ್ತದಾ?” ಅಂದರು.

ಶ್ರಾವಣದ ಒಂದು ಮಂಗಳವಾರ ಅವರ ಮನೆಗೆ ಹೋದೆವು. ಅವರು ರೇಷ್ಮೆ ಹುಳ ಸಾಕುತ್ತಾರೆ. ನಾವು ಹೋದಾಗ ಹುಳಗಳು ನಾಲ್ಕನೆಯ ಜ್ವರ, ಎಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಎಡೆಬಿಡದೆ ಮೇಯುವ ಹೊತ್ತು. ಹಜಾರಕ್ಕೂ ಹುಳದ ಕೋಣೆಗೂ ನಡುವೆ ಒಂದು ಪರದೆ ಅಷ್ಟೆ. ಫ್ಯಾನು ನಿಲ್ಲಿಸಿದ್ದಾಯಿತು, ಫ್ರಿಜ್ಜಿನ ಪ್ಲಗ್ ಕಿತ್ತದ್ದಾಯಿತು. ಹೆಡ್‌ಫೋನಿನಲ್ಲಿ ಮಾತ್ರ ಒಂದೇ ಸಮನೆ ಸರಸರ ಎನ್ನುವ ಸದ್ದು, ಒಣ ಎಲೆಯ ಮೇಲೆ ತುಂತುರು ಬಿದ್ದಂತೆ. ಹುಳಕ್ಕೆ ಸ್ವಲ್ಪ ಹೊತ್ತು ಮೇಯಬೇಡ ಎನ್ನಲು ಆಗುವುದಿಲ್ಲ.

ಮಾತು ಶುರುವಾಗುವ ಮೊದಲು ಧ್ವನಿಯ ಮಟ್ಟ ನೋಡಿಕೊಳ್ಳಲು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತೇನೆ: ಬೆಳಿಗ್ಗೆ ಏನು ತಿಂದಿರಿ?

“ರಾಗಿಟ್ಟು ಉಂಡೆ ಕಣವ್ವ, ಉಪ್ಸಾರು. ಇನ್ನೇನ್ ತಿಂತಾರೆ?” ಅಂದರು. “ನೀನೇನ್ ತಿಂದೆ? ಕಡ್ಡಿ ಇದ್ದಂಗಿದ್ದೀಯ. ನಿಮ್ ಆಪೀಸ್ನೋರು ಇಟ್ಟು ಇಕ್ಕಕಿಲ್ವಾ?”

ನಿರೂಪಕರು ನಕ್ಕರು. “ಸಂಬಳಾನೇ ಸರಿಯಾಗಿ ಇಕ್ಕಲ್ಲ, ಇಟ್ಟೆಲ್ಲಿಂದ ಇಕ್ತಾರೆ ಬುಡಿ.”

“ನಿಂಗೂ ಅಣ್ತಮ್ದೀರು ಅವ್ರಾ?” ಎಂದು ಆಕೆ ನನ್ನನ್ನೇ ಕೇಳಿದರು.

“ಒಬ್ಬ ಅಣ್ಣ ಇದ್ದಾನೆ.”

“ಅಂಗಾರೆ ನಿಂಗೂ ಒಂದಿನ ಕಾರ್ ಬತ್ತದೆ ಬುಡು.”

ಧ್ವನಿ ಸರಿಯಾಗಿತ್ತು. ಶುರು ಮಾಡಿದೆವು.

ಅವರು ಚೆನ್ನಾಗಿ ಮಾತಾಡಿದರು. ಇರುವವನು ಒಬ್ಬನೇ ತಮ್ಮ. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ಇವರೇ. ತಾಯಿ ಗದ್ದೆಗೆ ಹೋದರೆ ಅವನ ಊಟ ನಿದ್ದೆ ಎಲ್ಲ ಇವರ ಪಾಲಿಗೆ. ಅಪ್ಪ ತೀರಿಕೊಂಡ ಮೇಲೆ ಅವನು ಕಾರು ತಂದ. ಮಳವಳ್ಳಿಯಲ್ಲಿ ಸೈನು, ಹೋಟೆಲಿನಲ್ಲಿ ಮಸಾಲೆ ದೋಸೆ, ನೀಲಿ ಅಂಚಿನ ಸೀರೆ. ಎಷ್ಟು ಜಮೀನು ಎಂದು ನಿರೂಪಕರು ಕೇಳಿದರು. ಆಕೆ ಅಳತೆ ಹೇಳಲಿಲ್ಲ. ಗದ್ದೆಯ ಯಾವ ತೆವರಿನ ಪಕ್ಕ ಹುಣಸೆಮರ ಇತ್ತು, ಯಾವ ಮಡಿಯಲ್ಲಿ ನೀರು ನಿಲ್ಲುತ್ತಿತ್ತು ಎಂದು ಹೇಳಿದರು.

“ಅಂವ ನನ್ನ ಬುಟ್ಟಿಲ್ಲ” ಅಂದರು. “ಸೈನ್ ಆಕ್ದಾಗಿಂದ್ಲೂ ಒಂದೇ ಒಂದ್ ಗೌರಿ ಅಬ್ಬ ತಪ್ಸಿಲ್ಲ. ಮಳೆ ಬರ್ಲಿ, ಗಾಳಿ ಬರ್ಲಿ, ಬಾಗ್ನ ತಗೊಂಡ್ ಬತ್ತಾನೆ. ಉಂಡ್ಕೊಂಡ್ ಓಯ್ತಾನೆ. ಕೊರೊನಾದಾಗೂ ಬಂದಿದ್ದ, ಮೂತಿಗ್ ಬಟ್ಟೆ ಕಟ್ಕೊಂಡು.”

ಆಗ ನಿರೂಪಕರು ಕೇಳಿದರು: “ನೀವು ಮನಸ್ಸಿನಿಂದ ಬಿಟ್ಟುಕೊಟ್ರಾ?”

ಕೇಳಿ ಅವರು ಸುಮ್ಮನೆ ಕೂತರು. ಆಕೆಯೂ ಸುಮ್ಮನೆ ಕೂತರು. ಮಡಿಲಲ್ಲಿ ಹಿಪ್ಪುನೇರಳೆಯ ಒಂದು ಎಲೆಯ ಚೂರು ಅಂಟಿತ್ತು, ಅದನ್ನು ತೆಗೆದು ಬೆರಳಲ್ಲಿ ಸುತ್ತಿದರು. ಬಾಗಿಲಿನ ಕಡೆ ನೋಡಿದರು. ಹೆಡ್‌ಫೋನಿನಲ್ಲಿ ಹುಳಗಳು ಮೇಯುತ್ತಲೇ ಇದ್ದವು. ಆಮೇಲೆ “ಹೂಂ” ಅಂದರು. ನಿರೂಪಕರು ಮುಂದಿನ ಪ್ರಶ್ನೆಗೆ ಹೋದರು.

ಆಫೀಸಿಗೆ ಬಂದು ಅಳೆದಾಗ ಆ ನಡುವೆ ಇಪ್ಪತ್ತೆರಡು ಸೆಕೆಂಡು ಇತ್ತು.

ನಮ್ಮಲ್ಲಿ ಮೌನ ಕತ್ತರಿಸುವುದು ನಿಯಮ. ಜನ ನೋಡುವುದು ಫೋನಿನಲ್ಲಿ. ಒಂದು ಕ್ಷಣ ಮಾತು ನಿಂತರೆ ಹೆಬ್ಬೆರಳು ಮುಂದಿನ ವಿಡಿಯೊಗೆ ಹೋಗುತ್ತದೆ ಎಂದು ಮಾಲೀಕರು ಹೇಳುತ್ತಾರೆ. ಅದಕ್ಕೆಂದೇ ಸಾಫ್ಟ್‌ವೇರಿನಲ್ಲಿ ಒಂದು ಗುಂಡಿ ಇದೆ. ಒತ್ತಿದರೆ ಸದ್ದಿಲ್ಲದ ಜಾಗಗಳನ್ನೆಲ್ಲ ಅದೇ ಹುಡುಕಿ ತೆಗೆಯುತ್ತದೆ. ಅವತ್ತೂ ಒತ್ತಿದೆ. ಇಡೀ ಎಪಿಸೋಡಿನಲ್ಲಿ ಅದು ಏನನ್ನೂ ತೆಗೆಯಲಿಲ್ಲ. ಹುಳುವಿನ ಸದ್ದು ಇದ್ದದ್ದರಿಂದ ಆ ಮನೆಯಲ್ಲಿ ಮೌನವೇ ಇಲ್ಲವೆಂದು ಅದಕ್ಕೆ ಕಂಡಿತು. ಮಿಕ್ಕ ಎಪಿಸೋಡಿನಲ್ಲಿ ಉದ್ದವಾದ ಜಾಗಗಳನ್ನು ಕೈಯಲ್ಲೇ ತೆಗೆದೆ. ಇದೊಂದನ್ನು ಬಿಡು ಎಂದು ಹಿಂದೆ ನಿಂತಿದ್ದ ನಿರೂಪಕರು ಹೇಳಿದರು. ಬಿಟ್ಟೆ. ಯಾವ ಬಣ್ಣದ ಗುರುತು ಹಾಕಬೇಕೆಂದು ತಿಳಿಯದೆ ಏನೂ ಹಾಕಲಿಲ್ಲ.

ಪ್ರಸಾರಕ್ಕೆ ಮೊದಲು ಅತಿಥಿಗೆ ಒಂದು ಪ್ರತಿ ಕಳಿಸುವುದು ನಾನು ಇಟ್ಟುಕೊಂಡ ಪದ್ಧತಿ. ಹಿಂದೊಮ್ಮೆ ಒಬ್ಬ ಅತಿಥಿಯ ಮಗ ಆಫೀಸಿಗೆ ಬಂದು ಕುರ್ಚಿ ಎತ್ತಿದ ಮೇಲೆ ಶುರುವಾದದ್ದು. ನಿರೂಪಕರಿಗೆ ಇದು ಹಿಡಿಸುವುದಿಲ್ಲ. ಪರೀಕ್ಷೆಗೆ ಮೊದಲೇ ಪ್ರಶ್ನೆಪತ್ರಿಕೆ ಹಂಚಿದ ಹಾಗೆ ಎನ್ನುತ್ತಾರೆ. ಆದರೂ ಕಳಿಸಿದೆ. ಮಾರನೆಯ ಬೆಳಿಗ್ಗೆ ಆಕೆಯ ಫೋನು ಬಂತು.

“ಎಲ್ಲ ಸಂದಾಗೈತೆ ಕಣವ್ವ. ನಮ್ಮೆಜಮಾನ್ರೂ ನೋಡುದ್ರು. ಒಂದೇ ಒಂದ್ ತಗ್ದುಬುಡು.”

“ಯಾವ್ದಮ್ಮ?”

“ನಾನು ಸುಮ್ಕೆ ಕುಂತಿದ್ನಲ್ಲ, ಅದ.”

ಅಲ್ಲಿ ನೀವು ಏನೂ ಹೇಳಿಲ್ಲವಲ್ಲ ಎಂದೆ.

“ಊರೋರ್ಗೆ ಏನೂ ಗೊತ್ತಾಗಕಿಲ್ಲ. ನನ್ ತಮ್ಮಂಗೆ ಗೊತ್ತಾಯ್ತದೆ. ನಾ ಬೈದ್ರೆ ಅಂವ ಚಿಕ್ಕೋನಿದ್ದಾಗ್ಲೂ ನಗ್ತಿದ್ದ. ನಾ ಸುಮ್ಕಾಗ್ಬುಟ್ರೆ ಎದ್ ಓಡೋಗ್ಬುಡೋನು, ಒತ್ತು ಮುಳ್ಗಗಂಟ ಮನೆಗ್ ಬತ್ತಿರ್ನಿಲ್ಲ.” ಆಮೇಲೆ ಹೇಳಿದರು: “ಗೌರಿ ಅಬ್ಬ ಅತ್ರ ಬಂತು. ಈ ಸಲ ಅಂವ ಬರ್ದೆ ಓದ್ರೆ ನಾನ್ ಯಾರ್ಗ್ ಮೊಕ ತೋರ್ಸನ? ಬೀದಿ ಎಂಗುಸ್ರೆಲ್ಲ ತವರಿನ ಬಾಗ್ನ ಇಸ್ಕೊತಾರೆ, ನಾನ್ ಬಾಗ್ಲಲ್ಲಿ ನಿಂತಿರ್ಬೇಕಾ?”

ನಿರೂಪಕರಿಗೆ ಹೇಳಿದೆ. ಅವರು ಟೀ ಲೋಟ ಕೆಳಗಿಟ್ಟರು.

“ಆ ಸುಮ್ಮನಿದ್ದದ್ದೇ ಎಪಿಸೋಡು ಕಣಮ್ಮ. ಮಿಕ್ಕಿದ್ದೆಲ್ಲ ಬರೀ ಮಾತು.”

“ಅವರು ತೆಗೀರಿ ಅಂತಾರೆ ಸರ್.”

“ಹೇಳಿದ್ದನ್ನ ತೆಗೀರಿ ಅಂದ್ರೆ ತೆಗೀಬಹುದು. ನನ್ನ ಜೀವಮಾನದಲ್ಲಿ ತೆಗ್ದಿದ್ದೀನಿ. ಹೇಳ್ದೇ ಇದ್ದದ್ದನ್ನ ಹೆಂಗ್ ತೆಗೀತೀಯ? ತೆಗೆದ್ರೆ ಆಯಮ್ಮ ಹೇಳ್ದೇ ಇರೋದನ್ನ ಹೇಳಿದಂಗಾಗ್ತದೆ.”

“ಅವರ ತಮ್ಮ ಬರದೆ ಹೋದ್ರೆ?”

“ಬರ್ದಿದ್ರೆ ಅವನ ಬಂಡವಾಳ ಗೊತ್ತಾಯ್ತು.”

“ಗೊತ್ತಾಗೋದು ನಮಗೆ ಸರ್. ಹಬ್ಬದ ದಿನ ಕಾಯೋರು ಅವರು.”

ಅವರು ಕಿಟಕಿಯ ಕಡೆ ತಿರುಗಿದರು. ಕೆಳಗೆ ಅಂಗಡಿಯಲ್ಲಿ ಕಬ್ಬಿಣದ ಸರಳು ಇಳಿಸುತ್ತಿದ್ದರು. ಮಾಲೀಕರನ್ನು ಕೇಳುವ ಅಗತ್ಯವಿರಲಿಲ್ಲ, ಅವರ ನಿಯಮ ಇಬ್ಬರಿಗೂ ಗೊತ್ತಿತ್ತು. “ಪ್ರೊಡ್ಯೂಸರು ನೀನು. ಏನ್ ಮಾಡ್ತೀಯೋ ಮಾಡು” ಎಂದು ನಿರೂಪಕರು ಹೆಲ್ಮೆಟ್ ತೆಗೆದುಕೊಂಡು ಹೋದರು.

ತೆಗೆದೆ. ಹೆಚ್ಚು ಹೊತ್ತು ಹಿಡಿಯಲಿಲ್ಲ. ಪ್ರಶ್ನೆ ಮುಗಿದ ಕೂಡಲೇ ದೂರದ ಕ್ಯಾಮೆರಾಕ್ಕೆ ಹೋಗಿ, ‘ಹೂಂ’ ಬರುವಾಗ ಮತ್ತೆ ಮುಖಕ್ಕೆ ಬಂದೆ. ಬೆರಳಲ್ಲಿದ್ದ ಎಲೆಯ ಚೂರು ಕಾಣದಂತೆ ಚಿತ್ರವನ್ನು ಸ್ವಲ್ಪ ಹತ್ತಿರ ಮಾಡಿದೆ. ಎರಡು ಕಡೆಯ ಹುಳುವಿನ ಸದ್ದು ಬೆಸೆದುಕೊಂಡಿತು, ಎಲ್ಲಿ ಕತ್ತರಿಸಿದೆ ಎಂದು ನಾನೇ ಹುಡುಕಬೇಕಾಯಿತು. ಹಾಕಿ ನೋಡಿದೆ. ಮನಸ್ಸಿನಿಂದ ಬಿಟ್ಟುಕೊಟ್ರಾ? ಹೂಂ. ಕಾಫಿ ಕುಡೀತೀರಾ ಎಂದು ಕೇಳಿದ್ದಕ್ಕೆ ಹೇಳಿದ ಹಾಗಿತ್ತು. ನನಗೆ ಅದು ಒಳ್ಳೆಯದು ಅನ್ನಿಸಲಿಲ್ಲ, ಕೆಟ್ಟದ್ದು ಎಂದೂ ಅನ್ನಿಸಲಿಲ್ಲ. ಫೈಲು ಅಪ್‌ಲೋಡ್ ಆಗುವವರೆಗೆ ಕಾದು ದೀಪ ಆರಿಸಿ ಬಂದೆ.

ಹಬ್ಬಕ್ಕೆ ಇನ್ನೂ ಒಂದು ವಾರವಿದ್ದಾಗ ಎಪಿಸೋಡು ಹೊರಗೆ ಬಂತು. ಕೆಳಗೆ ಜನ ಬರೆದರು: ಇಂಥ ಅಕ್ಕ ಎಲ್ಲರಿಗೂ ಇರಬೇಕು. ಹೆಣ್ಣುಮಕ್ಕಳು ಹೀಗಿದ್ದರೆ ಕೋರ್ಟುಗಳು ಖಾಲಿ. ಅವುಗಳಿಗೆಲ್ಲ ಕೈಮುಗಿದ ಚಿತ್ರ ಹಾಕುವುದು ನನ್ನ ಕೆಲಸದ ಭಾಗ, ಹಾಕಿದೆ. ನಿರೂಪಕರು ಆ ವಾರ ನನ್ನ ಜೊತೆ ಲೆವೆಲ್ಲು, ಬ್ಯಾಟರಿ ಇಷ್ಟೇ ಮಾತಾಡಿದರು.

ಗೌರಿ ಹಬ್ಬದ ದಿನ ನಮ್ಮ ಮನೆಗೆ ಸೋದರಮಾವ ಬಂದರು. ಅಮ್ಮನಿಗೆ ಬಾಗಿನ ಕೊಟ್ಟು, ಉಂಡು, ಜಗುಲಿಯಲ್ಲಿ ಸ್ವಲ್ಪ ಮಲಗಿ ಎದ್ದು ಹೋದರು. ಅಮ್ಮ ಮೊರದ ಮುಚ್ಚಳ ತೆಗೆದು ಬಳೆ, ರವಿಕೆ ಕಣ, ತೆಂಗಿನಕಾಯಿ ಎಲ್ಲ ಒಂದೊಂದಾಗಿ ಈಚೆ ಇಟ್ಟರು. ವೈದ್ಯನಾಥಪುರಕ್ಕೆ ಒಂದು ಫೋನು ಮಾಡಬಹುದಿತ್ತು. ಮಾಡಲಿಲ್ಲ. ಬರಲಿಲ್ಲ ಎಂದು ಅವರು ಹೇಳಿದರೆ ನಾನು ಏನು ಹೇಳಬೇಕು ಎಂಬುದು ಗೊತ್ತಿರಲಿಲ್ಲ.

ಹಬ್ಬ ಕಳೆದ ಮೇಲೆ ಮದ್ದೂರಿನಲ್ಲಿ ಇನ್ನೊಂದು ರೆಕಾರ್ಡಿಂಗ್ ಇತ್ತು. ಬೇಗ ಮುಗಿಯಿತು. ಉಳಿದವರನ್ನು ಮಂಡ್ಯದ ಬಸ್ಸಿಗೆ ಹತ್ತಿಸಿ ನಾನು ಆಟೊದಲ್ಲಿ ವೈದ್ಯನಾಥಪುರಕ್ಕೆ ಹೋದೆ.

ಆಕೆ ಅಂಗಳದಲ್ಲಿ ಸೊಪ್ಪು ಹರಡುತ್ತಿದ್ದರು. ಉಟ್ಟಿದ್ದು ಹೊಸ ಸೀರೆ; ಇನ್ನೂ ಫಾಲ್ ಹೊಲಿಸಿರಲಿಲ್ಲ, ಅಂಚು ಸುರುಳಿ ಸುತ್ತಿಕೊಳ್ಳುತ್ತಿತ್ತು. ತಮ್ಮ ಬಂದಿದ್ದಾನೆ ಎಂದು ಅದರಿಂದಲೇ ತಿಳಿಯಿತು.

“ಬಾ ಮಗ, ಕುಂತ್ಕೊ. ಮೈಕ್ ತಂದಿದ್ದೀಯಾ?”

“ಬ್ಯಾಗಲ್ಲೈತೆ ಅಮ್ಮ. ಆನ್ ಮಾಡಿಲ್ಲ.”

“ಅಂಗಾರೆ ಯೋಳ್ತೀನಿ ಕೇಳು.”

ತಟ್ಟೆಯಲ್ಲಿ ಒಬ್ಬಟ್ಟು ತಂದುಕೊಟ್ಟರು. ಪಡಸಾಲೆಯಲ್ಲಿ ಕೂತಿದ್ದ ಅವರ ಯಜಮಾನರು, “ತಿನ್ನು ತಿನ್ನು. ಬಾಮೈದ್ನ ಪಾಲ್ದೂ ನಾನೇ ತಿಂತಾ ಇವ್ನಿ, ಮೂರ್ ದಿನ್ದಿಂದ” ಅಂದರು.

“ನೀವ್ ವಸಿ ಸುಮ್ಕಿರಿ” ಎಂದು ಆಕೆ ನನ್ನ ಪಕ್ಕ ಕೂತರು.

ತಮ್ಮ ಹೊತ್ತಿಗೆ ಮುಂಚೆಯೇ ಬಂದನಂತೆ. ಯಾವ ವರ್ಷವೂ ಇಲ್ಲದಷ್ಟು ಖುಷಿಯಲ್ಲಿದ್ದ. ನಮ್ಮ ಎಪಿಸೋಡನ್ನು ಫೋನಿನ ಸ್ಟೇಟಸ್ಸಿಗೆ ಹಾಕಿಕೊಂಡಿದ್ದ, ಊರಲ್ಲೆಲ್ಲ ತೋರಿಸಿದ್ದ. ಬಾಗಿನ ಕೊಟ್ಟು ಅಕ್ಕನ ಕಾಲಿಗೆ ನಮಸ್ಕಾರ ಮಾಡಿದ. ಆಕೆ ಎರಡೂ ಕೈಯಲ್ಲಿ ಇಸಿದುಕೊಂಡು ದೇವರ ಮುಂದೆ ಇಟ್ಟರು. ಎಲೆ ಹಾಕಲು ಹೋಗುವಷ್ಟರಲ್ಲಿ ಅವನು ಬ್ಯಾಗಿನಿಂದ ಕಾಗದ ತೆಗೆದ.

“ಏನ್ಲಾ ಇದು ಅಂದೆ. ಮನೇದು ಕಣಕ್ಕ ಅಂದ. ನಮ್ಮಪ್ಪ ಕಟ್ಟಿದ್ ಮನೆ. ಅವತ್ತು ಸೈನ್ ಆಕಿದ್ದು ಜಮೀನ್ಗೆ, ಮನೆ ಅಂಗೇ ಉಳ್ಕೊಂಡಿತ್ತಂತೆ. ಮಾರ್ತಾನಂತೆ. ನಾಳಿದ್ದು ಕಾರ್ ತತ್ತೀನಿ, ರೆಡಿಯಾಗಿರು ಅಂದ.”

“ನೀವೇನಂದ್ರಿ?”

“ಮಡಗೋಗು, ನನ್ ಮಗ್ಳು ಬರ್ಲಿ, ಅವ್ಳ ಕೈಲಿ ಓದಿಸ್ತೀನಿ ಅಂದೆ. ಅದ್ಕೆ ಅಂವ ನಗಾಡ್ದ. ‘ಲೋಕದ್ ಮುಂದೆ ಕೇಳ್ದೇಟ್ಗೇ ಹೂಂ ಅಂದ್ಬುಟ್ಟೆ. ಒಂದ್ ಗಳ್ಗೆ ಯೋಚ್ನೆ ಮಾಡ್ನಿಲ್ಲ. ನನ್ ಮುಂದ್ಯಾಕಕ್ಕ ಇಷ್ಟ್ ಯೋಚ್ನೆ?’ ಅಂದ.”

ಅವರು ಸೀರೆಯ ಅಂಚನ್ನು ಬಿಡಿಸಿ ಸರಿಮಾಡಿದರು. ಅದು ಮತ್ತೆ ಸುತ್ತಿಕೊಂಡಿತು.

“ಯೋಚ್ನೆ ಮಾಡಿದ್ದೆ ಕಣ್ಲಾ ಅಂತ ಎಂಗ್ ಯೋಳ್ಲಿ? ತಗ್ಸುದ್ದು ನಾನೇ.”

ಮಗಳು ಓದಲಿ ಎನ್ನುವುದನ್ನು ಆಕೆ ಬಿಡಲಿಲ್ಲ. ತಮ್ಮನ ನಗು ನಿಂತಿತು. ಕಾಗದ ಮಡಚಿ ಬ್ಯಾಗಿಗೆ ಹಾಕಿಕೊಂಡ. ಎಲೆಯ ಮೇಲೆ ಉಪ್ಪು, ಪಲ್ಯ, ಒಬ್ಬಟ್ಟು ಬಡಿಸಿಯಾಗಿತ್ತು. ಹೊಟ್ಟೆ ಸರಿ ಇಲ್ಲ ಎಂದ. ಬೈಕು ಹತ್ತಿ ಹೋದ.

“ಒಂದ್ ತುತ್ತೂ ಉಣ್ನಿಲ್ಲ ಕಣವ್ವ. ಗೌರಿ ದಿನ ಬಡ್ಸಿದ್ ಎಲೆ ಬುಟ್ಟು ಎದ್ದೋದ.”

ಅವರ ಕಣ್ಣು ತುಂಬಿತ್ತು. ಕೆಂಪು ಗುರುತು ಎಂದು ನನ್ನ ತಲೆಯಲ್ಲಿ ತಾನಾಗಿ ಬಂತು, ಇಷ್ಟು ಹೊತ್ತಿನಲ್ಲಿ, ಇಂತಿಷ್ಟು ಉದ್ದ. ನಾನು ಒಬ್ಬಟ್ಟಿನ ಇನ್ನೊಂದು ತುಂಡು ಮುರಿದು ಬಾಯಿಗೆ ಇಟ್ಟುಕೊಂಡೆ.

ಯಜಮಾನರು ಎದ್ದು ಕೊಟ್ಟಿಗೆಯ ಕಡೆ ಹೋದರು.

“ಆ ತಗ್ದುದ್ದು ಬಿಸಾಕ್ಬುಟ್ಯಾ?” ಎಂದು ಆಕೆ ಕೇಳಿದರು.

“ಇಲ್ಲಮ್ಮ, ಆಫೀಸಲ್ಲೈತೆ. ಬೇಕಾದ್ರೆ ಮತ್ತೆ ಸೇರಿಸಿ ಹಾಕ್ತೀವಿ. ಸರ್ ಒಪ್ತಾರೆ.” ಮಾಲೀಕರು ಒಪ್ಪುವುದಿಲ್ಲ ಎಂದು ಗೊತ್ತಿದ್ದೂ ಹೇಳಿದೆ.

“ಬ್ಯಾಡ ಬ್ಯಾಡ. ಟೀವಿಲಿ ತಮ್ಮನ್ನ ಅಂಗ್ಸೋದು ನಂಗ್ ಬ್ಯಾಡ.” ನಮ್ಮ ಪಾಡ್‌ಕಾಸ್ಟನ್ನು ಅವರು ಟೀವಿ ಎಂದೇ ಕರೆಯುತ್ತಾರೆ. “ನಾ ಯೋಳ್ಬೇಕಾದ್ದ ಮೊಕದ್ ಮುಂದೇನೆ ಯೋಳ್ತೀನಿ. ಪಕ್ಸ ಬಂತಲ್ಲ, ಪೂರಿಗಾಲಿಗ್ ಓಯ್ತೀನಿ. ಅಪ್ಪುಂಗೆ ಎಡೆ ಇಕ್ಬೇಕು.”

ಪಿತೃಪಕ್ಷಕ್ಕೆ ಹಿರಿಯರಿಗೆ ಎಡೆ ಇಡುವುದು ಗಂಡುಮಕ್ಕಳ ಮನೆಯಲ್ಲಿ. ಕರೆದರೆ ಹೆಣ್ಣುಮಕ್ಕಳು ಹೋಗಿ ಉಂಡು ಬರುತ್ತಾರೆ.

“ಅವರು ಕರೀದಿದ್ರೆ?”

“ಅಪ್ಪುನ್ ಮನೆಗ್ ಓಗಕೆ ಕರ್ಯೋದೇನು?”

“ಬಾಗಿಲು ತೆಗೀದಿದ್ರೆ?”

“ಜಗ್ಲಿ ಮೇಲೆ ಎಲೆ ಆಸಿ ಎಡೆ ಇಕ್ಬುಟ್ಟು, ಅಲ್ಲೇ ಕುಂತ್ಕೊತೀನಿ. ಅಂವ ಆಚೆಗ್ ಬರ್ಲೇಬೇಕಲ್ಲ. ಈಚ್ಗೆ ಬಂದಾಗ ಯೋಳ್ತೀನಿ, ಮನೆ ಮಾರ್ಬ್ಯಾಡ ಕಣ್ಲಾ ಅಂತ.”

ಹೇಳಿ ಮುಗಿಸಿ ಅವರು ಎದ್ದರು. ಸೀರೆಯನ್ನು ಮೊಣಕಾಲವರೆಗೆ ಎತ್ತಿ ಕಟ್ಟಿಕೊಂಡು ಸೊಪ್ಪಿನ ಹೊರೆ ಬಿಚ್ಚತೊಡಗಿದರು. ತಮ್ಮನ ಕಾರು ಅಥವಾ ಬೈಕಿಲ್ಲದೆ ಈ ನಡುವೆ ತವರಿಗೆ ಹೋಗಿಯೇ ಇಲ್ಲ ಎಂದರು. ಮಳವಳ್ಳಿಯಿಂದ ಪೂರಿಗಾಲಿಗೆ ಬೆಳಿಗ್ಗೆ ಬಸ್ಸು ಎಷ್ಟು ಹೊತ್ತಿಗಿದೆ, ನಿನ್ನ ಫೋನಿನಲ್ಲಿ ನೋಡು ಎಂದು ಕೇಳಿದರು. ನೋಡಿದೆ. ಎಲ್ಲಿಯೂ ಸಿಗಲಿಲ್ಲ. ಮಳವಳ್ಳಿ ನಿಲ್ದಾಣದಲ್ಲೇ ವಿಚಾರಿಸಬೇಕು ಎಂದೆ. ಸರಿ, ಅಲ್ಲೇ ಕೇಳ್ಕೊತೀನಿ ಬುಡು, ಎಂದರು.